ಲಾಗ್‌ಪುಸ್ತಕದಲ್ಲಿ ಯಾರೂ ಅಳುವುದಿಲ್ಲ

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಕರಾವಳಿಯ 110 ಕೆ.ವಿ. ವಿದ್ಯುತ್ ಉಪಕೇಂದ್ರವೊಂದರಲ್ಲಿ ಪಾಳಿಯಲ್ಲಿದ್ದಾಗ, ಜೊತೆಗಿದ್ದ ಕಿರಿಯ ಸಹೋದ್ಯೋಗಿ ಮೊಬೈಲಿನಲ್ಲಿ ಒಂದು ಕಥನವನ್ನು ಹಾಕಿ ಮೇಜಿನ ಮೇಲಿಟ್ಟ. ಸ್ಕಾಟ್ಲೆಂಡಿನ ಒಂದು ದ್ವೀಪದ ದೀಪಸ್ತಂಭದಲ್ಲಿ 1900ನೇ ಇಸವಿಯ ಡಿಸೆಂಬರಿನಲ್ಲಿ ಮೂವರು ದೀಪಪಾಲಕರು ಮಾಯವಾದ ಪ್ರಕರಣ ಅದು. ತನಿಖಾ ವರದಿಯನ್ನು ಓದುವ ದನಿಯಲ್ಲಿ ನಿರೂಪಕ ದಿನಾಂಕ, ಗಂಟೆ, ಗಾಳಿಯ ದಿಕ್ಕುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗಿ, ಕೊನೆಗೆ ಅಲ್ಲಿ ಸಿಕ್ಕಿತೆನ್ನಲಾದ ಲಾಗ್‌ಪುಸ್ತಕದ ಸಾಲುಗಳಿಗೆ ಬಂದ. ಇಂಥ ಬಿರುಗಾಳಿಯನ್ನು ಹಿಂದೆಂದೂ ಕಂಡಿಲ್ಲ, ಡ್ಯುಕಾಟ್ ಮಾತು ಬಿಟ್ಟಿದ್ದಾನೆ, ಮ್ಯಾಕ್‌ಆರ್ಥರ್ ಅಳುತ್ತಿದ್ದಾನೆ, ಮೂವರೂ ಪ್ರಾರ್ಥಿಸಿದೆವು, ಬಿರುಗಾಳಿ ನಿಂತಿದೆ, ಸಮುದ್ರ ಶಾಂತವಾಗಿದೆ, ಎಲ್ಲದರ ಮೇಲೂ ದೇವರಿದ್ದಾನೆ. ಅಲ್ಲಿಗೆ ಬರಹ ಮುಗಿಯುತ್ತದೆ.

ಹೊರಗೆ ಮಳೆ ಸುರಿಯುತ್ತಿತ್ತು. ಯಾರ್ಡಿನ ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಡುವ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಆದರೆ ಗಂಟೆ ಎರಡಾಗಿತ್ತು, ರೀಡಿಂಗ್ ಬರೆಯುವ ಹೊತ್ತಾಗಿತ್ತು. ಲಾಗ್‌ಶೀಟನ್ನು ಮುಂದಕ್ಕೆಳೆದುಕೊಂಡು ಬಸ್ ವೋಲ್ಟೇಜು, ಊರುಗಳಿಗೆ ವಿದ್ಯುತ್ ಒಯ್ಯುವ ಲೈನುಗಳಾದ ಫೀಡರುಗಳ ಲೋಡು, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಉಷ್ಣಾಂಶ, ಬ್ಯಾಟರಿಯ ವೋಲ್ಟೇಜುಗಳನ್ನು ಕಾಲಂಗಳಲ್ಲಿ ತುಂಬುತ್ತಿದ್ದಾಗ ಕೈ ಒಂದು ಕ್ಷಣ ನಿಂತಿತು. ಇಪ್ಪತ್ತು ವರ್ಷಗಳಿಂದ ನಾನು ಇಂಥ ಹಾಳೆಗಳನ್ನು ತುಂಬುತ್ತಾ ಬಂದಿದ್ದೇನೆ. ಸಿಡಿಲು ಬಡಿದು ಬ್ರೇಕರುಗಳೆಲ್ಲ ಒಟ್ಟಿಗೆ ಟ್ರಿಪ್ ಆದ ರಾತ್ರಿಗಳಲ್ಲಿ, ಪಕ್ಕದಲ್ಲಿದ್ದವನ ತುಟಿ ಅದುರುವುದನ್ನು ಕಂಡ ರಾತ್ರಿಗಳಲ್ಲಿ ಕೂಡ ನಾನು ಬರೆದದ್ದು ಟ್ರಿಪ್ ಆದ ಗಂಟೆ ನಿಮಿಷವನ್ನು, ಯಾವ ರಿಲೇ ಕೆಲಸ ಮಾಡಿತು ಎಂಬುದನ್ನು ಮತ್ತು ಮರಳಿ ಚಾರ್ಜ್ ಮಾಡಿದ ಸಮಯವನ್ನು ಮಾತ್ರ. ಮೇಲಧಿಕಾರಿಗಳು ಬಂದು ಸಹಿ ಹಾಕುವ ಪುಸ್ತಕದಲ್ಲಿ, ತನಗಿಂತ ಹಿರಿಯನಾದವನು ಸಿಡುಕುತ್ತಿದ್ದಾನೆ, ಜೊತೆಗಾರ ಅಳುತ್ತಿದ್ದಾನೆ ಎಂದು ಯಾವ ಕಿರಿಯ ನೌಕರನೂ ಬರೆಯುವುದಿಲ್ಲ. ಆ ಬರಹ ಸುಳ್ಳಿರಬೇಕು ಎಂಬ ಅನುಮಾನ ನನಗೆ ಬಂದದ್ದು ಹೀಗೆ. ಮುಂದಿನ ತಿಂಗಳುಗಳಲ್ಲಿ ಪ್ರಕರಣದ ಮೂಲ ದಾಖಲೆಗಳನ್ನು ಹುಡುಕಿ ಓದಿದಾಗ ಅದು ಸುಳ್ಳೇ ಎಂದು ತಿಳಿಯಿತು.

ನಡೆದದ್ದು ಇಷ್ಟು. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ, ಲೂಯಿಸ್ ದ್ವೀಪದಿಂದ ಸುಮಾರು 32 ಕಿ.ಮೀ. ಆಚೆಗೆ, ಅಟ್ಲಾಂಟಿಕ್ ಸಾಗರದ ನಡುವೆ ಫ್ಲಾನನ್ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಅವುಗಳಲ್ಲಿ ದೊಡ್ಡದಾದ ಐಲನ್ ಮೋರ್ ಮೇಲೆ ಡೇವಿಡ್ ಸ್ಟೀವನ್‌ಸನ್ ಎಂಬ ಎಂಜಿನಿಯರ್ ವಿನ್ಯಾಸಗೊಳಿಸಿದ 23 ಮೀಟರ್ ಎತ್ತರದ ದೀಪಸ್ತಂಭವನ್ನು ಕಟ್ಟಿ, 1899ರ ಡಿಸೆಂಬರ್ 7ರಂದು ಮೊದಲ ಬಾರಿಗೆ ದೀಪ ಹೊತ್ತಿಸಿದರು. ನಾನು ಬಾಲ್ಯದಿಂದ ನೋಡಿಕೊಂಡು ಬೆಳೆದ ಕಾಪುವಿನ ದೀಪಸ್ತಂಭ 1901ರದ್ದು. ಹಾಗಾಗಿ ಈ ಎರಡೂ ಒಂದೇ ಕಾಲದ ಕಟ್ಟಡಗಳು ಎಂಬ ಕಾರಣಕ್ಕೆ ಆ ದೂರದ ಬಂಡೆಯ ಚಿತ್ರ ನನ್ನ ಕಣ್ಣಿಗೆ ಬೇಗ ಕಟ್ಟಿತು. ಕಾಪುವಿನ ಬಂಡೆಯ ಮೇಲೆ ಆಷಾಢದ ಅಲೆ ಹೊಡೆಯುವುದನ್ನು ಕಂಡವರಿಗೆ ನೀರು ಎಷ್ಟು ಮೇಲಕ್ಕೆ ಏರಬಲ್ಲದು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಐಲನ್ ಮೋರ್ ದ್ವೀಪಕ್ಕೆ ಹಿಂದಿನಿಂದಲೂ ಒಂದು ಭಕ್ತಿಯ ನಂಟಿತ್ತು. ಅಲ್ಲಿ ಸಂತನ ಹೆಸರಿನ ಹಳೆಯ ಗುಡಿಯೊಂದರ ಅವಶೇಷವಿದೆ. ಹಕ್ಕಿ ಹಿಡಿಯಲು ಅಲ್ಲಿಗೆ ಹೋಗುತ್ತಿದ್ದ ಲೂಯಿಸ್ ಜನ ಮೇಲೆ ಹತ್ತಿದೊಡನೆ ತಲೆಯ ಟೋಪಿ ತೆಗೆದು, ಸೂರ್ಯ ಸುತ್ತುವ ದಿಕ್ಕಿಗೆ ಒಂದು ಸುತ್ತು ತಿರುಗಿ, ಕ್ಷೇಮವಾಗಿ ಬಂದದ್ದಕ್ಕೆ ದೇವರಿಗೆ ನಮಿಸುತ್ತಿದ್ದರು ಎಂದು ಮಾರ್ಟಿನ್ ಮಾರ್ಟಿನ್ ಎಂಬ ಪ್ರವಾಸಿ ದಾಖಲಿಸಿದ್ದಾನೆ. ಪ್ರದಕ್ಷಿಣೆ ಹಾಕಿ ಕೈಮುಗಿದು ಕಡಲಿಗಿಳಿಯುವ ನಮ್ಮ ಊರುಗಳವರಿಗೆ ಇದು ತೀರ ಸಹಜವಾದ ನಡತೆಯಾಗಿ ಕಾಣುತ್ತದೆ. ಮುಂದೆ ಭಯಾನಕ ಕಥೆಗಳನ್ನು ಕಟ್ಟಿದವರು ಇದೇ ಭಕ್ತಿಯನ್ನು ಶಾಪವೆಂದು, ದೆವ್ವದ ಕಾಟವೆಂದು ತಿರುಚಿದರು.

ದೀಪಸ್ತಂಭಕ್ಕೆ ನೇಮಕವಾಗಿದ್ದವರು ನಾಲ್ವರು. ಮೂವರು ದ್ವೀಪದಲ್ಲಿದ್ದರೆ ಒಬ್ಬ ಸರದಿಯಂತೆ ಲೂಯಿಸ್‌ನ ವಸತಿಯಲ್ಲಿರುತ್ತಿದ್ದ. ಆ ಡಿಸೆಂಬರಿನಲ್ಲಿ ಪ್ರಧಾನ ದೀಪಪಾಲಕ ಜೇಮ್ಸ್ ಡ್ಯುಕಾಟ್, ಸಹಾಯಕ ಥಾಮಸ್ ಮಾರ್ಷಲ್, ಮತ್ತು ಕಾಯಿಲೆ ರಜೆಯಲ್ಲಿದ್ದ ಇನ್ನೊಬ್ಬ ಸಹಾಯಕನ ಬದಲಿಗೆ ಬಂದಿದ್ದ ಡೊನಾಲ್ಡ್ ಮ್ಯಾಕ್‌ಆರ್ಥರ್ ಅಲ್ಲಿದ್ದರು. ಡ್ಯುಕಾಟ್‌ಗೆ ನಾಲ್ಕು ಮಕ್ಕಳು, ಮ್ಯಾಕ್‌ಆರ್ಥರ್‌ಗೆ ಇಬ್ಬರು. ಮಾರ್ಷಲ್‌ಗೆ ಮದುವೆಯಾಗಿರಲಿಲ್ಲ. ಡಿಸೆಂಬರ್ 15ರ ರಾತ್ರಿ ಆ ಹಾದಿಯಲ್ಲಿ ಸಾಗಿದ ಆರ್ಕ್‌ಟರ್ ಎಂಬ ಹಡಗಿನವರಿಗೆ ದೀಪ ಕಾಣಿಸಲಿಲ್ಲ, ಆದರೆ ಹಡಗು ಬಂದರು ಸೇರಿದ ಮೇಲೂ ಆ ಸುದ್ದಿ ದೀಪಸ್ತಂಭಗಳ ಆಡಳಿತ ಮಂಡಳಿಗೆ ಸಕಾಲದಲ್ಲಿ ತಲುಪಲಿಲ್ಲ. ಡಿಸೆಂಬರ್ 20ಕ್ಕೆ ಬರಬೇಕಾಗಿದ್ದ ಹೆಸ್ಪೆರಸ್ ಎಂಬ ಸರಬರಾಜಿನ ಹಡಗು ಹವಾಮಾನ ಕೆಟ್ಟದ್ದರಿಂದ 26ರಂದು ಬಂತು. ಧ್ವಜಸ್ತಂಭದಲ್ಲಿ ಧ್ವಜವಿರಲಿಲ್ಲ. ಸಾಮಗ್ರಿಯ ಖಾಲಿ ಪೆಟ್ಟಿಗೆಗಳನ್ನು ಇಳಿದಾಣಕ್ಕೆ ತಂದಿಟ್ಟಿರಲಿಲ್ಲ. ಶಿಳ್ಳೆ ಊದಿದರೂ ಸಂಕೇತದ ರಾಕೆಟ್ ಹಾರಿಸಿದರೂ ಯಾರೂ ಹೊರಬರಲಿಲ್ಲ.

ಮೊದಲು ದಡಕ್ಕಿಳಿದವನು ಜೋಸೆಫ್ ಮೂರ್, ಸರದಿ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದ ನಾಲ್ಕನೆಯ ದೀಪಪಾಲಕ. ಎರಡು ದಿನಗಳ ಬಳಿಕ ಅವನು ಬರೆದ ಪತ್ರ ಉಳಿದಿದೆ. ಹೊರಗಿನ ಗೇಟು ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ಅಡುಗೆಮನೆಯ ಬಾಗಿಲು ಮಾತ್ರ ತೆರೆದಿತ್ತು. ಒಲೆಯನ್ನು ನೋಡಿದೊಡನೆ ಹಲವು ದಿನಗಳಿಂದ ಬೆಂಕಿ ಹಚ್ಚಿಲ್ಲವೆಂದು ತಿಳಿಯಿತು. ಒಂದಾದ ಮೇಲೊಂದು ಕೋಣೆ ಹೊಕ್ಕರೆ ಹಾಸಿಗೆಗಳು ಖಾಲಿಯಾಗಿದ್ದವು, ಬೆಳಗ್ಗೆ ಎದ್ದುಹೋದಾಗ ಹೇಗಿದ್ದವೋ ಹಾಗೆಯೇ. ಇನ್ನೂ ಹುಡುಕುತ್ತಾ ನಿಲ್ಲಲಿಲ್ಲ, ಏನೋ ಗಂಭೀರವಾದದ್ದು ನಡೆದಿದೆಯೆಂದು ಚೆನ್ನಾಗಿ ಗೊತ್ತಾಗಿತ್ತು ಎಂದು ಅವನು ಬರೆಯುತ್ತಾನೆ. ಗಡಿಯಾರಗಳು ನಿಂತಿದ್ದವು. ಕಥೆ ಹೇಳುವವರ ಬಾಯಲ್ಲಿ ಈ ವಿವರವೊಂದೇ ಸಾಕು ಮೈ ನಡುಗಿಸಲು, ಆದರೆ ಕೀಲಿ ಕೊಡುವವರಿಲ್ಲದಿದ್ದರೆ ಗಡಿಯಾರ ನಿಲ್ಲುತ್ತದೆ ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ದೀಪವನ್ನು ಒರೆಸಿ, ಎಣ್ಣೆ ತುಂಬಿಸಿ, ಸಂಜೆಗೆ ಸಿದ್ಧಮಾಡಿ ಇಡಲಾಗಿತ್ತು. ಅಂದರೆ ಬೆಳಗಿನ ಕೆಲಸವನ್ನೆಲ್ಲ ಪೂರೈಸಿಯೇ ಅವರು ಹೊರಗೆ ಹೋಗಿದ್ದರು.

ಲಾಗ್‌ಪುಸ್ತಕದಲ್ಲಿ ಡಿಸೆಂಬರ್ 13ರವರೆಗಿನ ದಾಖಲೆಯಿತ್ತು. ಮುಂದಿನದು, ಆಮೇಲೆ ಪುಸ್ತಕಕ್ಕೆ ಇಳಿಸಿಕೊಳ್ಳುವುದಕ್ಕಾಗಿ, ಸ್ಲೇಟಿನ ಮೇಲಿತ್ತು. ಸ್ಲೇಟಿನಲ್ಲಿದ್ದ ಕೊನೆಯ ಬರಹ 15ನೇ ತಾರೀಕು ಶನಿವಾರ ಬೆಳಗ್ಗೆ ಒಂಬತ್ತು ಗಂಟೆಯದು. ವಾಯುಭಾರ, ಉಷ್ಣಾಂಶ, ಗಾಳಿಯ ಸ್ಥಿತಿ, ಅಷ್ಟೇ. ಆ ಸ್ಲೇಟಿನ ಬಗ್ಗೆ ಓದಿದಾಗ ನನಗೆ ನನ್ನ ಜೇಬಿನಲ್ಲಿರುವ ತುಂಡು ಕಾಗದಗಳು ನೆನಪಾದವು. ಅವಸರದಲ್ಲಿ ರೀಡಿಂಗನ್ನು ಅವುಗಳ ಮೇಲೆ ಗೀಚಿಕೊಂಡು, ಪಾಳಿ ಮುಗಿಯುವ ಮುಂಚೆ ಲಾಗ್‌ಶೀಟಿಗೆ ನಕಲು ಮಾಡುವುದು ನಮ್ಮೆಲ್ಲರ ಅಭ್ಯಾಸ. ನಕಲಾಗದೆ ಉಳಿದ ಸ್ಲೇಟಿಗಿಂತ ಹೆಚ್ಚು ನೋವು ಕೊಡುವ ವಸ್ತು ಆ ಇಡೀ ಪ್ರಕರಣದಲ್ಲಿ ನನಗೆ ಬೇರೆ ಕಂಡಿಲ್ಲ.

ಡಿಸೆಂಬರ್ 29ರಂದು ಮಂಡಳಿಯ ಮೇಲ್ವಿಚಾರಕ ರಾಬರ್ಟ್ ಮ್ಯೂರ್‌ಹೆಡ್ ದ್ವೀಪಕ್ಕೆ ಬಂದು ಪರಿಶೀಲಿಸಿ, 1901ರ ಜನವರಿ 8ರಂದು ವರದಿ ಕೊಟ್ಟರು. ಪೂರ್ವದ ಇಳಿದಾಣದಲ್ಲಿ ಎಲ್ಲವೂ ಕ್ರಮವಾಗಿತ್ತು. ಪಶ್ಚಿಮದ ಇಳಿದಾಣದಲ್ಲಿ ಮಾತ್ರ ಕಬ್ಬಿಣದ ಕಟಕಟೆಗಳು ತಿರುಚಿಹೋಗಿದ್ದವು, ಒಂದು ಟನ್ನಿಗೂ ಹೆಚ್ಚು ತೂಕದ ಬಂಡೆಯೊಂದು ಜಾಗ ಬಿಟ್ಟು ಸರಿದಿತ್ತು, ಸಮುದ್ರ ಮಟ್ಟದಿಂದ 110 ಅಡಿ ಎತ್ತರದ ಬಿರುಕಿನಲ್ಲಿ ಭದ್ರವಾಗಿರಿಸಿದ್ದ ಹಗ್ಗ ಮತ್ತು ಸಲಕರಣೆಗಳ ಪೆಟ್ಟಿಗೆ ಕೊಚ್ಚಿಹೋಗಿತ್ತು, ಸುಮಾರು 200 ಅಡಿ ಎತ್ತರದ ಅಂಚಿನಲ್ಲೂ ಹುಲ್ಲಿನ ಹೆಂಟೆಗಳು ಕಿತ್ತುಬಂದಿದ್ದವು. 15ರ ಮಧ್ಯಾಹ್ನ ಆ ಪೆಟ್ಟಿಗೆಯನ್ನು ಭದ್ರಪಡಿಸಲು ಇಳಿದವರನ್ನು ಅಸಾಧಾರಣವಾದ ಅಲೆಯೊಂದು ಎಳೆದುಕೊಂಡು ಹೋಯಿತೆಂಬುದು ಮ್ಯೂರ್‌ಹೆಡ್ ಅವರ ತೀರ್ಮಾನ. ಡ್ಯುಕಾಟ್ ಮತ್ತು ಮಾರ್ಷಲ್ ಇಬ್ಬರ ಬೂಟು, ಮಳೆಕೋಟುಗಳು ಮನೆಯಲ್ಲಿರಲಿಲ್ಲ. ಮ್ಯಾಕ್‌ಆರ್ಥರ್‌ನ ಕೋಟು ಅಲ್ಲೇ ಉಳಿದಿತ್ತು. ಅವನು ಹೊರಗೆ ಹೋಗುವಾಗಲೆಲ್ಲ ಹಾಕುತ್ತಿದ್ದದ್ದು ಅದೊಂದೇ ಕೋಟು, ಆದ್ದರಿಂದ ಅಂಗಿಯಲ್ಲೇ ಹೋಗಿರಬೇಕು ಎಂದು ಮೂರ್ ಬರೆದಿದ್ದಾನೆ. ದೀಪಸ್ತಂಭವನ್ನು ಯಾವಾಗಲೂ ಒಬ್ಬನಾದರೂ ಕಾಯಬೇಕೆಂಬ ನಿಯಮವಿದ್ದಾಗ, ಸ್ಕಾಟ್ಲೆಂಡಿನ ಡಿಸೆಂಬರಿನಲ್ಲಿ ಒಬ್ಬ ಮನುಷ್ಯ ಕೋಟನ್ನೂ ಹಾಕಿಕೊಳ್ಳದೆ ಹೊರಗೆ ಓಡಿದನೆಂದರೆ, ಕೆಳಗಿದ್ದವರಿಗೆ ಬಂದ ಆಪತ್ತನ್ನು ಅವನು ಕಂಡಿರಬೇಕು ಎಂದೇ ನಾನು ನಂಬುತ್ತೇನೆ.

ಭಯಾನಕ ಕಥೆಗೆ ಬೇಕಾದದ್ದೆಲ್ಲವೂ ಆ ಕೋಟಿನಲ್ಲೇ ಇತ್ತು. ಆದರೂ ಬರೆಯುವವರಿಗೆ ಅದು ಸಾಲಲಿಲ್ಲ. 1912ರಲ್ಲಿ ವಿಲ್ಫ್ರಿಡ್ ಗಿಬ್ಸನ್ ಎಂಬ ಕವಿ ಈ ಘಟನೆಯ ಮೇಲೆ ಒಂದು ಕಥನ ಕವನ ಬರೆದರು. ಮೇಜಿನ ಮೇಲೆ ಬಡಿಸಿಟ್ಟ, ಯಾರೂ ಮುಟ್ಟದ ಊಟ, ನೆಲಕ್ಕುರುಳಿದ ಕುರ್ಚಿ, ಬಂಡೆಯ ಮೇಲೆ ಕುಳಿತಿದ್ದ ಮೂರು ವಿಚಿತ್ರ ಕಪ್ಪು ಹಕ್ಕಿಗಳು ಬಂದದ್ದು ಆ ಕವನದಿಂದ. ಮೂರ್ ಕಂಡ ಅಡುಗೆಮನೆಯಲ್ಲಿ ಪಾತ್ರೆಗಳನ್ನು ತೊಳೆದು ಒಪ್ಪವಾಗಿ ಇಟ್ಟಿದ್ದರು. ಕವಿಯನ್ನು ನಾನು ದೂರುವುದಿಲ್ಲ. ಅವರು ಬರೆದದ್ದು ಕವನ, ಅದನ್ನು ಕವನವೆಂದೇ ಕೊಟ್ಟರು. ಮುಂದಿನವರು ಆ ಕುರ್ಚಿಯನ್ನು ಕವನದಿಂದ ಎತ್ತಿ ತಂದು ಸಾಕ್ಷ್ಯದ ಪಟ್ಟಿಯೊಳಗೆ ಇಟ್ಟರು.

ಲಾಗ್‌ಪುಸ್ತಕದ ಅಳು ಹಾಗಲ್ಲ. ಅದರ ಜಾಡು ಹಿಡಿದುಹೋದ ಸಂಶೋಧಕರಿಗೆ ಸಿಕ್ಕಿದ್ದು 1929ರ ಅಮೆರಿಕದ ಒಂದು ಅಗ್ಗದ ಪತ್ರಿಕೆಯ ಲೇಖನ. ವಿಚಿತ್ರ ಕಥೆಗಳಿಗೆ ಮೀಸಲಾದ ಆ ಪತ್ರಿಕೆ ತನ್ನ ಹೆಸರಿನಲ್ಲೇ ‘ನಿಜ’ ಎಂಬ ಪದವನ್ನು ಸೇರಿಸಿಕೊಂಡಿತ್ತು. ಘಟನೆ ನಡೆದು ಇಪ್ಪತ್ತೆಂಟು ವರ್ಷಗಳಾದ ಮೇಲೆ, ಮೂರ್‌ನ ಪತ್ರದಲ್ಲಾಗಲಿ ಮ್ಯೂರ್‌ಹೆಡ್ ಅವರ ವರದಿಯಲ್ಲಾಗಲಿ ಸುಳಿವೇ ಇಲ್ಲದ ದಿನಚರಿಯ ಸಾಲುಗಳು ಅದರಲ್ಲಿ ಹುಟ್ಟಿಕೊಂಡವು. ಅವನ್ನು ಮಾರ್ಷಲ್‌ನ ಕೈಬರಹವೆಂದು ಹೇಳಲಾಯಿತು. ಆಮೇಲಿನ ಪುಸ್ತಕಗಳು ಅದನ್ನೇ ಎತ್ತಿಕೊಂಡವು, ಆ ಪುಸ್ತಕಗಳಿಂದ ಇನ್ನಷ್ಟು ಪುಸ್ತಕಗಳು ಎತ್ತಿಕೊಂಡವು, ಹೀಗೆ ಅದು ಸಾಗರ ದಾಟಿ ನಮ್ಮ ಕಂಟ್ರೋಲ್ ರೂಮಿನ ಮೇಜಿಗೆ ಬಂದು ತಲುಪಿತು.

ಈ ಸುಳ್ಳು ಇಷ್ಟು ಚೆನ್ನಾಗಿ ನಿಂತದ್ದು ಹೇಗೆ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ದೆವ್ವವನ್ನು ಕಂಡೆ ಎಂದು ಹೇಳುವವನನ್ನು ನಾವು ಸುಲಭವಾಗಿ ನಂಬುವುದಿಲ್ಲ. ಆದರೆ ‘ವಾಯವ್ಯದ ಗಾಳಿ, ರಾತ್ರಿ ಒಂಬತ್ತು ಗಂಟೆ’ ಎಂದು ಒಣಒಣವಾಗಿ ಆರಂಭಿಸುವವನನ್ನು ನಂಬುತ್ತೇವೆ, ಏಕೆಂದರೆ ಕೆಲಸದ ಭಾಷೆಗೆ ನಮ್ಮನ್ನು ಮೆಚ್ಚಿಸುವ ಹಂಗಿಲ್ಲವೆಂದು ನಾವು ಭಾವಿಸಿರುತ್ತೇವೆ. ಭಯಾನಕ ಕಥೆ ವರದಿಯ ವೇಷ ಹಾಕುವಾಗ ಕದಿಯುವುದು ಇದೇ ವಿಶ್ವಾಸವನ್ನು. ಗಾಳಿಯ ದಿಕ್ಕು, ಗಂಟೆ, ಹುದ್ದೆ ಎಲ್ಲವನ್ನೂ ಸರಿಯಾಗಿ ಜೋಡಿಸಿ, ನಡುವೆ ಒಂದೇ ಒಂದು ಅಳುವನ್ನು ಸೇರಿಸಿದರೆ ಸಾಕು. ವೇಷ ಒಮ್ಮೆ ಜನರ ಮನಸ್ಸಿಗೆ ಹತ್ತಿದ ಮೇಲೆ ಬರೆದವನೇ ಬಂದು ಕಳಚಿದರೂ ಅದು ಕಳಚುವುದಿಲ್ಲ. 1914ರ ಸೆಪ್ಟೆಂಬರ್ 29ರಂದು ಆರ್ಥರ್ ಮೇಕನ್ ಎಂಬ ಲೇಖಕ ಲಂಡನ್ನಿನ ಸಂಜೆ ಪತ್ರಿಕೆಯೊಂದರಲ್ಲಿ, ಯುದ್ಧಭೂಮಿಯಲ್ಲಿ ಹಳೆಯ ಕಾಲದ ಬಿಲ್ಲುಗಾರರ ಛಾಯೆಗಳು ಬ್ರಿಟಿಷ್ ಸೈನಿಕರ ನೆರವಿಗೆ ಬಂದವೆಂಬ ಕಥೆಯನ್ನು ಪ್ರಕಟಿಸಿದರು. ಅದು ತಾನೇ ಕಟ್ಟಿದ ಕಥೆಯೆಂದು ಅವರು ಮತ್ತೆ ಮತ್ತೆ ಹೇಳಿದರೂ ಜನ ಒಪ್ಪದೆ ಅದನ್ನು ನಡೆದ ಘಟನೆಯೆಂದೇ ಹರಡಿದರು. ಮೇಕನ್ ಅವರಿಗೆ ಹೇಳಿಕೊಳ್ಳುವುದಕ್ಕಾದರೂ ಬಾಯಿತ್ತು. ಮ್ಯಾಕ್‌ಆರ್ಥರ್‌ಗೆ, ತಾನು ಅಳಲಿಲ್ಲ ಎಂದು ಹೇಳಲು, ಯಾರಿದ್ದರು?

ನನ್ನನ್ನು ಕಾಡುವುದು ಇಲ್ಲಿಯೇ, ಮತ್ತು ಅದಕ್ಕೆ ನನ್ನದೇ ಒಂದು ಕಾರಣವೂ ಇದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಸ್ಟೇಷನ್ನಿನ ವ್ಯಾಪ್ತಿಯಲ್ಲಿ ಒಬ್ಬ ಲೈನ್‌ಮನ್ ಕರ್ತವ್ಯದಲ್ಲಿದ್ದಾಗ ತೀರಿಕೊಂಡರು. ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ವಿದ್ಯುತ್ ಕಡಿದಿದೆ, ಲೈನಿನಲ್ಲಿ ಕೆಲಸ ಮಾಡಬಹುದು ಎಂಬ ಅನುಮತಿ) ತೆಗೆದುಕೊಂಡು, ಫೀಡರ್ ಆಫ್ ಆಗಿದ್ದ ಹೊತ್ತಿನಲ್ಲಿ ಅವರು ಕಂಬ ಹತ್ತಿದ್ದರು. ಅದೇ ಸಮಯದಲ್ಲಿ ಒಂದು ಕಟ್ಟಡದ ಜನರೇಟರಿನಿಂದ ವಿದ್ಯುತ್ ಹಿಮ್ಮುಖವಾಗಿ ಲೈನಿಗೆ ಹರಿಯಿತು. ಕೆಲಸದ ಜಾಗದಲ್ಲಿ ಲೈನಿಗೆ ಅರ್ಥಿಂಗ್ ಮಾಡಿರಲಿಲ್ಲ, ಅಂದರೆ ಲೈನನ್ನು ನೆಲಕ್ಕೆ ಜೋಡಿಸಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಸ್ಟೇಷನ್ನಿನ ಹೊಸ ಹುಡುಗರ ನಡುವೆ ಒಂದು ಕಥೆ ಹುಟ್ಟಿತು. ಅಮಾವಾಸ್ಯೆಯ ರಾತ್ರಿ ಕಂಟ್ರೋಲ್ ರೂಮಿನ ಫೋನು ಹೊಡೆದುಕೊಳ್ಳುತ್ತದೆ, ಎತ್ತಿದರೆ ‘ಲೈನ್ ಕ್ಲಿಯರ್ ಆಯಿತೇ’ ಎಂದು ಒಂದು ದನಿ ಕೇಳುತ್ತದೆ, ಮರುದಿನ ಲಾಗ್‌ಶೀಟಿನಲ್ಲಿ ಯಾರೂ ಬರೆಯದ ಎಲ್.ಸಿ. ನಂಬರೊಂದು ಮೂಡಿರುತ್ತದೆ. ಅಪಘಾತದ ನಿಜವಾದ ದಿನಾಂಕ, ನಿಜವಾದ ಫೀಡರಿನ ಹೆಸರು, ಕಂಬದ ಸಂಖ್ಯೆಯನ್ನೂ ಸೇರಿಸಿ ಹೇಳುತ್ತಿದ್ದರಿಂದ ಕೇಳಿದವರಿಗೆ ಅನುಮಾನ ಬರಲು ಆಸ್ಪದವೇ ಇರಲಿಲ್ಲ. ಕಥೆಯಲ್ಲಿ ಜನರೇಟರ್ ಇರಲಿಲ್ಲ, ಮಾಡದೆ ಬಿಟ್ಟ ಅರ್ಥಿಂಗ್ ಇರಲಿಲ್ಲ. ಕೇಳಿದ ಹುಡುಗರು ಫೋನಿಗೆ ಹೆದರುವುದನ್ನು ಕಲಿತರೇ ಹೊರತು ಅರ್ಥ್ ರಾಡ್ ಹಾಕದೆ ಕಂಬ ಹತ್ತುವುದಕ್ಕೆ ಹೆದರಬೇಕೆಂದು ಕಲಿಯಲಿಲ್ಲ.

ತೀರಿಕೊಂಡವರ ಮಗನಿಗೆ ಅನುಕಂಪದ ಆಧಾರದ ಮೇಲೆ ಬೇರೊಂದು ಉಪವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಒಮ್ಮೆ ಯಾವುದೋ ಫೀಡರಿನ ವಿಷಯಕ್ಕೆ ನನಗೆ ಫೋನ್ ಮಾಡಿದವನು, ಮಾತು ಮುಗಿದ ಮೇಲೂ ಫೋನ್ ಇಡದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಅಪ್ಪನ ಫೋನು ಈಗಲೂ ಬರ್ತದಂತೆ, ಹೌದಾ?” ಎಂದು ಕೇಳಿದ. ಅವನು ಭಯದಿಂದ ಕೇಳಲಿಲ್ಲ. ಬರುತ್ತಿದ್ದರೆ ಒಮ್ಮೆ ತಾನೂ ಎತ್ತಬಹುದಿತ್ತು ಎಂಬ ಆಸೆ ಆ ದನಿಯಲ್ಲಿತ್ತು. ಏನು ಹೇಳಬೇಕೆಂದು ತೋಚದೆ, ಮುಂದಿನ ವಾರ ಅವನನ್ನು ಸ್ಟೇಷನ್ನಿಗೆ ಕರೆಸಿಕೊಂಡು, ಆ ದಿನದ ಲಾಗ್‌ಶೀಟನ್ನು ತೆಗೆದು ತೋರಿಸಿದೆ. ಎಲ್.ಸಿ. ಕೊಟ್ಟ ಸಮಯದ ಎದುರಿಗೆ ಅವನ ತಂದೆಯ ಹೆಸರಿತ್ತು, ಎಲ್.ಸಿ. ಹಿಂದಿರುಗಿಸಿದ ಸಮಯದ ಕಾಲಂ ಖಾಲಿಯಿತ್ತು. ಅವನು ಆ ಖಾಲಿ ಚೌಕದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದ. ಆ ಮೇಲೆ ಅಪಘಾತ ಹೇಗಾಯಿತೆಂದು ಕೇಳಿದ, ನಾನು ಜನರೇಟರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಫ್ಲಾನನ್ ದಾಖಲೆಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ಓದುವುದು ಮ್ಯೂರ್‌ಹೆಡ್ ಅವರ ವರದಿಯನ್ನು. ಡ್ಯುಕಾಟ್ ಮತ್ತು ಮಾರ್ಷಲ್ ಅವರನ್ನು ಅಂಥ ಮುಖ್ಯವಾದ ಕೇಂದ್ರಕ್ಕೆ ಆರಿಸಿದ್ದು ಅವರದೇ ಶಿಫಾರಸಿನ ಮೇಲೆ. ಡಿಸೆಂಬರ್ 7ರಂದು ಅವರು ದ್ವೀಪಕ್ಕೆ ಭೇಟಿ ಕೊಟ್ಟಿದ್ದರು. ಆ ಮೂವರ ಕೈಕುಲುಕಿ ಬೀಳ್ಕೊಂಡ ಕೊನೆಯ ವ್ಯಕ್ತಿ ತಾನೇ ಎಂಬ ವಿಷಾದದ ನೆನಪು ತನಗುಳಿದಿದೆ ಎಂದು, ಬಂಡೆಯ ತೂಕ, ಹುಲ್ಲಿನ ಅಂಚಿನ ಅಳತೆಗಳನ್ನು ಬರೆದ ಅದೇ ಲೇಖನಿಯಿಂದ, ಬರೆದಿದ್ದಾರೆ. ಕಚೇರಿಯ ವರದಿಯಲ್ಲಿ ದುಃಖಕ್ಕೆ ಎಷ್ಟು ಜಾಗವಿರುತ್ತದೋ ಅಷ್ಟನ್ನು ಮಾತ್ರ ಅವರು ಬಳಸಿದರು. ಭಯಕ್ಕೂ ಅಷ್ಟೇ ಜಾಗ ಸಿಕ್ಕಿದೆ. ಸತ್ತವರ ಹಾಸಿಗೆಗಳ ನಡುವೆ ಉಳಿದುಕೊಂಡ ಮೂರ್ ತೀರ ಅಧೀರನಾಗಿದ್ದಾನೆ, ಆ ಅಧೀರತೆ ಕಡಿಮೆಯಾಗದಿದ್ದರೆ ಅವನನ್ನು ವರ್ಗಾಯಿಸಬೇಕಾಗುತ್ತದೆ, ಆದರೆ ಈ ಕೇಂದ್ರದ ಕೆಲಸ ಬಲ್ಲವನೊಬ್ಬನಾದರೂ ಅಲ್ಲಿರಬೇಕಾದ್ದರಿಂದ ಹಾಗೆ ಶಿಫಾರಸು ಮಾಡಲು ಮನಸ್ಸು ಬರುತ್ತಿಲ್ಲ ಎಂದು ಅವರು ಮಂಡಳಿಗೆ ತಿಳಿಸುತ್ತಾರೆ. 1929ರಲ್ಲಿ ಯಾರೋ ಕಟ್ಟಿದ ಅಳುವಿಗಿಂತ ಈ ಒಂದು ಆಡಳಿತಾತ್ಮಕ ವಾಕ್ಯ ನನ್ನನ್ನು ಹೆಚ್ಚು ನಡುಗಿಸುತ್ತದೆ.

ಡಿಸೆಂಬರ್ 26ರಂದು ಹೆಸ್ಪೆರಸ್ ಹಡಗಿನ ಕ್ಯಾಪ್ಟನ್ ಮೂರ್‌ನ ಜೊತೆಗೆ ಮೂವರನ್ನು ದ್ವೀಪದಲ್ಲಿ ಬಿಟ್ಟು, ತಂತಿ ಕಳುಹಿಸಲು ಲೂಯಿಸ್‌ಗೆ ಮರಳಿದ. ಖಾಲಿ ಹಾಸಿಗೆಗಳನ್ನು ಕಂಡು ಇನ್ನೂ ಕೆಲವೇ ಗಂಟೆಗಳಾಗಿದ್ದ ಮೂರ್ ಅಂದು ಸಂಜೆ ಮೇಲಿನ ದೀಪದ ಕೋಣೆಗೆ ಹೋದ. ಮಾಯವಾದವರು ತುಂಬಿಸಿಟ್ಟಿದ್ದ ಎಣ್ಣೆ ಅಲ್ಲಿತ್ತು, ಅವರು ಒರೆಸಿಟ್ಟಿದ್ದ ಗಾಜು ಅಲ್ಲಿತ್ತು. ಆ ಸಂಜೆಯ ಕುರಿತು ಅವನ ಪತ್ರದಲ್ಲಿರುವುದು ಒಂದೇ ಮಾತು: ಆ ರಾತ್ರಿ, ಮತ್ತು ಅಂದಿನಿಂದ ಪ್ರತಿ ರಾತ್ರಿಯೂ, ನಿಗದಿತ ಸಮಯಕ್ಕೆ ದೀಪ ಹೊತ್ತಿಸಿದ್ದೇವೆ.